ಹಾಯಿಹಡಗಿನಲ್ಲಿ ಬಂದ ದಂಪತಿ, ಕಲ್ಲುಗಳನ್ನು ಓದಿಸಿದ ಮಗ: ಬಿ.ಎಲ್. ರೈಸ್

ಹೊಸಹೊಳಲು: ಕೃಷ್ಣರಾಜಪೇಟೆಗೆ ಅಂಟಿಕೊಂಡಂತಿರುವ ಈ ಊರಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಬರುವವರು ತಳಪಾದಿಯ ಆನೆ, ಕುದುರೆ, ಬಳ್ಳಿಗಳ ಸಾಲನ್ನೂ ರಾಮಾಯಣ, ಮಹಾಭಾರತದ ಕೆತ್ತನೆಗಳನ್ನೂ ಕಣ್ತುಂಬ ನೋಡಿ ಹಿಂದಿರುಗುತ್ತಾರೆ. ಈ ಸೀಮೆಯ ಶಿಲಾಶಾಸನಗಳನ್ನು ಮೊಟ್ಟಮೊದಲು ಕ್ರಮವಾಗಿ ಓದಿಸಿ, ಅಚ್ಚು ಹಾಕಿಸಿ ಲೋಕದ ಮುಂದಿಟ್ಟವರು ಯಾರೆಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರಲಾರದು. ಕನ್ನಡಿಗರು ಶಾಸನ ಪಿತಾಮಹರೆಂದು ಗೌರವದಿಂದ ಕರೆಯುವ ಬೆಂಜಮಿನ್ ಲೂಯಿಸ್ ರೈಸ್ ಅವರೇ ಆ ಮಹನೀಯರು.

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಆದರೆ ಅವರ ಕಥೆ ಆರಂಭವಾಗುವುದು ಅದಕ್ಕೂ ಕೆಲವು ತಿಂಗಳ ಮೊದಲು, ನಡುಗಡಲಿನಲ್ಲಿ.

ತಿಂಗಳುಗಟ್ಟಲೆಯ ಪಯಣ

ಲಂಡನ್ ಮಿಷನರಿ ಸೊಸೈಟಿಯ ಬೆಂಜಮಿನ್ ಹೋಲ್ಟ್ ರೈಸ್ ಮತ್ತು ಅವರ ಪತ್ನಿ ಜೇನ್ ಪೀಚ್ ಸಿಂಗರ್ ಇಂಗ್ಲೆಂಡಿನ ತೀರವನ್ನು ಬಿಟ್ಟು ಹೊರಟದ್ದು 1836ರಲ್ಲಿ. ಬೆಂಜಮಿನ್ನರಿಗೆ ಆಗ 22ರ ಹರೆಯ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುನ್ನ ಭಾರತಕ್ಕೆ ಬರುವ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ, ಗುಡ್ ಹೋಪ್ ಭೂಶಿರವನ್ನು ಬಳಸಿ ಬರಬೇಕಿತ್ತು. ಹಾಯಿಗೆ ಗಾಳಿಯೇ ಆಧಾರ. ಗಾಳಿ ಕೂಡಿಬಂದರೂ ನಾಲ್ಕು ತಿಂಗಳು ಹಿಡಿಯುತ್ತಿತ್ತು; ಸಮಭಾಜಕ ವೃತ್ತದ ಬಳಿ ಗಾಳಿ ಬಿದ್ದುಹೋದರೆ ಹಡಗು ದಿನಗಟ್ಟಲೆ ನಿಂತಲ್ಲೇ ತೂಗಾಡುತ್ತಿತ್ತು. ಪೀಪಾಯಿಯ ನೀರನ್ನು ಅಳೆದು ಕುಡಿಯಬೇಕು, ಉಪ್ಪಿನಲ್ಲಿಟ್ಟ ಮಾಂಸ, ಗಟ್ಟಿ ಬಿಸ್ಕತ್ತುಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಊರಿಗೆ ಬರೆದ ಒಂದು ಕಾಗದಕ್ಕೆ ಉತ್ತರ ಬರುವ ಹೊತ್ತಿಗೆ ವರ್ಷವೇ ಸಮೀಪಿಸುತ್ತಿದ್ದ ಕಾಲವದು. ಬಂಧುಗಳನ್ನು ಬೀಳ್ಕೊಟ್ಟು ಹಡಗು ಹತ್ತಿದವರಿಗೆ ಮರಳುವ ಭರವಸೆ ಇರುತ್ತಿರಲಿಲ್ಲ.

ಬೆಂಗಳೂರಿಗೆ ಬರುವ ಆಂಗ್ಲರಿಗೆ ಆಗ ಮದರಾಸೇ ಹೆಬ್ಬಾಗಿಲು. ಆದರೆ ಅಲ್ಲಿ ಬಂದರು ಎಂಬುದೇ ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ, ಅಪ್ಪಳಿಸುವ ಅಲೆಗಳ ನಡುವೆ ದಡ ಸೇರಬೇಕಿತ್ತು. ಅಲ್ಲಿಂದ ಮುಂದೆ ಬೆಂಗಳೂರಿಗೆ ಇನ್ನೂರು ಮೈಲಿಗೂ ಮಿಗಿಲಾದ ಹಾದಿ. ರೈಲು ಇನ್ನೂ ಬಂದಿರಲಿಲ್ಲ. ಪಲ್ಲಕ್ಕಿ, ಎತ್ತಿನ ಗಾಡಿಗಳೇ ಗತಿ.

ರೈಸ್ ದಂಪತಿ ಬೆಂಗಳೂರು ತಲಪಿದ್ದು 1837ರ ಆರಂಭದಲ್ಲಿ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿತ್ತು. ಅದೇ ವರ್ಷ ಜುಲೈ 17ರಂದು ಅವರಿಗೆ ಗಂಡುಮಗು ಹುಟ್ಟಿತು. ತಿಂಗಳ ಲೆಕ್ಕ ಹಿಡಿದು ನೋಡಿದರೆ, ಹಿಂದಿನ ವರ್ಷದ ಕಡಲಯಾನದಲ್ಲೇ ಆ ತಾಯಿ ಬಸುರಿಯಾಗಿದ್ದರೆಂದು ಗೊತ್ತಾಗುತ್ತದೆ. ಅಪರಿಚಿತ ನಾಡಿನಲ್ಲಿ, ಭಾಷೆ ತಿಳಿಯದ ಊರಿನಲ್ಲಿ, ತವರಿನವರಾರೂ ಇಲ್ಲದೆ ಜೇನ್ ಅವರ ಬಾಣಂತನ ನಡೆಯಿತು.

ಕನ್ನಡವೇ ಮನೆಯ ಮಾತು

ಬೆಂಜಮಿನ್ ರೈಸ್ ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದರು, ಶಾಲೆಗಳನ್ನು ನಡೆಸಿದರು. ಹೆಣ್ಣುಮಕ್ಕಳಿಗೆ ಓದು ಕಲಿಸುವುದನ್ನು ಊರು ಒಪ್ಪದ ದಿನಗಳಲ್ಲಿ, 1840ರ ದಶಕದಲ್ಲಿ, ಜೇನ್ ಅವರು ಸಂಗಡಿಗರೊಡನೆ ಬೆಂಗಳೂರಿನಲ್ಲಿ ಕನ್ನಡ ಬಾಲಕಿಯರ ಶಾಲೆಗೆ ಕೈಹಾಕಿದರು. ಅರ್ಧ ಶತಮಾನದ ಸೇವೆಯ ನಂತರ ಬೆಂಜಮಿನ್ನರು 1887ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಅವರ ಹೆಸರಿನಲ್ಲಿದೆ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇದೇ ದಂಪತಿಯ ಇನ್ನೊಬ್ಬ ಮಗ.

ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಲೂಯಿಸ್ ರೈಸ್ 1860ರಲ್ಲಿ ಹುಟ್ಟಿದೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಬಳಿಕ ಮೈಸೂರು ಮತ್ತು ಕೊಡಗಿನ ಶಾಲಾ ತನಿಖಾಧಿಕಾರಿಯಾಗಿ, ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿ ದುಡಿದರು. ಶಾಲೆಗಳ ತನಿಖೆಗೆಂದು ಹಳ್ಳಿಹಳ್ಳಿ ತಿರುಗುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಗಮನ ಸೆಳೆದವು. ಸೈನ್ಯಾಧಿಕಾರಿ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ಅವರ ಪಾಲಿಗೆ ಬಂತು. ಅದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಗ್ರಂಥ ಹೊರಬಂತು.

ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಅಕ್ಷರಗಳ ಪಡಿಯಚ್ಚು ತೆಗೆಯುವುದು, ಪಂಡಿತರೊಡನೆ ಕುಳಿತು ಹಳಗನ್ನಡದ ಪಾಠವನ್ನು ನಿರ್ಧರಿಸುವುದು, ಕಾಲ ಗೊತ್ತುಪಡಿಸುವುದು, ಇಂಗ್ಲಿಷಿಗೆ ತರುವುದು ಈ ಕೆಲಸದ ಕ್ರಮ. 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾ ಹೆಸರಿನಲ್ಲಿ 12 ಸಂಪುಟಗಳು ಪ್ರಕಟವಾದವು. ಅವುಗಳಲ್ಲಿ ಸುಮಾರು 9 ಸಾವಿರ ಶಾಸನಗಳಿವೆ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಅಶೋಕನ ಶಾಸನಗಳನ್ನು ಗುರುತಿಸಿದವರೂ ರೈಸ್ ಅವರೇ. ಈ ನಡುವೆ ಮೈಸೂರು ಗೆಜೆಟಿಯರನ್ನು ಬರೆದರು; 1898ರಲ್ಲಿ ಪಂಪಭಾರತವನ್ನು ಅಚ್ಚಿಗೆ ತಂದರು.

ನಮ್ಮ ಸೀಮೆಗೆ ಕೊಟ್ಟದ್ದು

ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ ಕಡೆಯ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿ, ಕೃಷ್ಣರಾಜಪೇಟೆ, ನಾಗಮಂಗಲ ಕಡೆಯವು 1898ರ ನಾಲ್ಕನೆಯ ಸಂಪುಟದಲ್ಲಿ ಸೇರಿದವು. ಹೊಸಹೊಳಲಿನ ಮಹತ್ವ ತಿಳಿಯಲು ಒಂದು ಉದಾಹರಣೆ ಸಾಕು. ಲಕ್ಷ್ಮೀನಾರಾಯಣ ದೇವಾಲಯವನ್ನು ಕಟ್ಟಿಸಿದವರು ಯಾರೆಂದು ಹೇಳುವ ಶಾಸನವಿಲ್ಲ. ಆದ್ದರಿಂದ ಅದು 13ನೇ ಶತಮಾನದ ನಡುಭಾಗದ್ದೆಂದು ಶಿಲ್ಪಶೈಲಿಯನ್ನು ನೋಡಿ ಹೇಳಬೇಕಾಗಿದೆ. ಇದೇ ಊರಿನ ಜಿನಾಲಯದ ಮಾತು ಬೇರೆ. ಅದನ್ನು ಮಾಡಿಸಿದಾಕೆ ಹೊಯ್ಸಳರ ಕಾಲದ ವರ್ತಕ ನೊಳಬಿಸೆಟ್ಟಿಯ ಮಡದಿ ದೇಮಿಕಬ್ಬೆ ಎಂಬುದು ಶಾಸನದಿಂದಲೇ ತಿಳಿಯುತ್ತದೆ. ಅರಸನ ಹೆಸರು ಹೇಗಾದರೂ ಉಳಿದೀತು. ಊರೊಂದರ ಹೆಣ್ಣುಮಗಳ ಹೆಸರು ಎಂಟುನೂರು ವರ್ಷ ಉಳಿಯಬೇಕಾದರೆ ಯಾರಾದರೂ ಕಲ್ಲನ್ನು ಓದಿ ಬರೆದಿಡಬೇಕು.

ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಕಾವೇರಿಯ ನೀರು ಹಳ್ಳಿಗಳನ್ನೂ ಗುಡಿಗಳನ್ನೂ ಆವರಿಸಿತು. ಅದಕ್ಕೆ 13 ವರ್ಷ ಮುಂಚೆಯೇ ನಾಲ್ಕನೆಯ ಸಂಪುಟ ಅಚ್ಚಾಗಿತ್ತೆಂಬುದನ್ನು ನೆನೆದರೆ ಆ ದುಡಿಮೆಯ ಬೆಲೆ ಅರಿವಾಗುತ್ತದೆ. ನೀರಿಗೆ ಸಿಗದ ಕಲ್ಲುಗಳೂ ಎಲ್ಲವೂ ಉಳಿದಿಲ್ಲ. ಬಟ್ಟೆ ಒಗೆಯುವ ಚಪ್ಪಡಿಯಾಗಿ, ಮೋರಿಯ ಹಾಸುಗಲ್ಲಾಗಿ ಎಷ್ಟೋ ಕಲ್ಲುಗಳ ಅಕ್ಷರಗಳು ಸವೆದುಹೋದವು. ಕಲ್ಲು ಹೋಗಿ ಸಂಪುಟದ ಪಾಠ ಮಾತ್ರ ಉಳಿದ ಶಾಸನಗಳೂ ನಾಡಿನಲ್ಲಿವೆ.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಅವರ ಸ್ಥಾನಕ್ಕೆ ಆರ್. ನರಸಿಂಹಾಚಾರ್ ಬಂದರು. ದೂರ ಹೋದರೂ ರೈಸ್ ಈ ನಾಡಿನ ಕೆಲಸ ಬಿಡಲಿಲ್ಲ. ಶಾಸನಗಳಿಂದ ತಿಳಿದುಬರುವ ಮೈಸೂರು, ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ ಕಣ್ಮುಚ್ಚಿದರು. ಮಗನ ಸಮಾಧಿ ಅಲ್ಲಿ, ತಂದೆ ಮಣ್ಣಾದದ್ದು ಇಲ್ಲಿ.

ರೈಸ್ ಹಾಕಿದ ಹಾದಿಯಲ್ಲಿ ಮುಂದುವರಿದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳ ಪರಿಷ್ಕೃತ ಸಂಪುಟವನ್ನು 1977ರಲ್ಲಿ ಹೊರತಂದಿತು. ನಮ್ಮ ಶಾಲಾ ಮಕ್ಕಳು ಹೊಸಹೊಳಲಿಗೆ ಪ್ರವಾಸ ಬಂದಾಗ ಶಿಲ್ಪಗಳ ಜೊತೆಗೆ ಊರಿನ ಶಾಸನದ ಪಾಠವನ್ನೂ ಅವರ ಕೈಗೆ ಕೊಡಬೇಕು. ದೇಮಿಕಬ್ಬೆಯ ಹೆಸರನ್ನು ಆ ಮಕ್ಕಳು ತಾವೇ ಓದುವಂತಾಗಲಿ.