ಊರಿಗೆ ನಲ್ಲಿ ನೀರು ತಂದ ದಿವಾನರು

ಮಕ್ಕಳೇ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳುಗಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಮಿಡಿತ ತಿಳಿಯುತ್ತದಲ್ಲವೇ? ಅದೇ ನಾಡಿ. ಹೃದಯ ರಕ್ತವನ್ನು ತಳ್ಳಿದಾಗಲೆಲ್ಲ ಅದು ಮಿಡಿಯುತ್ತದೆ. ಅಪಧಮನಿಗಳಲ್ಲಿ ಹೊರಟ ರಕ್ತ ಮೈಯೆಲ್ಲ ಸುತ್ತಿ, ಅಭಿಧಮನಿಗಳ ಮೂಲಕ ಹೃದಯಕ್ಕೇ ಮರಳುತ್ತದೆ. ಇದನ್ನು 1628ರಲ್ಲಿ ಪುಸ್ತಕ ಬರೆದು ವಿವರಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ.

ದೇಹಕ್ಕೆ ರಕ್ತ ಹೇಗೋ ಊರಿಗೆ ನೀರು ಹಾಗೆ. ಬೆಂಗಳೂರಿಗೆ ದೂರದಿಂದ ಕೊಳವೆ ನೀರು ತರಿಸಿದ ದಿವಾನರ ಕಥೆ ಕೇಳಿ.

ಕೆ. ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ, ಈಗ ಕೇರಳಕ್ಕೆ ಸೇರಿರುವ ಪಾಲಕ್ಕಾಡಿನ ಕಡೆ ಹುಟ್ಟಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1876ರಿಂದ 1878ರವರೆಗೆ ಸಂಸ್ಥಾನದಲ್ಲಿ ಭೀಕರ ಬರಗಾಲ ಬಂತು. ಲಕ್ಷಾಂತರ ಜನ ಸತ್ತರು. ನೀರಿಲ್ಲದಿದ್ದರೆ ನಾಡು ಏನಾಗುತ್ತದೆಂಬುದನ್ನು ಆ ಕಾಲದ ಅಧಿಕಾರಿಗಳೆಲ್ಲ ಕಣ್ಣಾರೆ ಕಂಡರು. 1883ರಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾದರು. ಹದಿನೆಂಟು ವರ್ಷ ಆ ಹುದ್ದೆಯಲ್ಲಿದ್ದರು.

ಆಗ ಬೆಂಗಳೂರು ಪೇಟೆಯ ಜನರಿಗೆ ಬಾವಿಗಳು ಮತ್ತು ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳೇ ಆಧಾರ. ಮಳೆ ಕೈಕೊಟ್ಟರೆ ಕೆರೆಯೂ ಬತ್ತುತ್ತಿತ್ತು, ಬಾವಿಯೂ ಬತ್ತುತ್ತಿತ್ತು. 1894ರಲ್ಲಿ, ನಗರದ ವಾಯವ್ಯಕ್ಕೆ ಅರ್ಕಾವತಿ ನದಿಯ ಹೆಸರಘಟ್ಟದಿಂದ ನೀರು ತರುವ ಕೆಲಸ ಶುರುವಾಯಿತು. 1896ರಲ್ಲಿ ನೀರು ಊರಿಗೆ ಬಂತು.

ಆದರೆ ಬೆಂಗಳೂರು ಎತ್ತರದಲ್ಲಿದೆ. ನೀರು ತಾನಾಗಿ ಮೇಲಕ್ಕೆ ಹರಿಯದು. ಆದ್ದರಿಂದ ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಗೆ ಹರಿಸಿ, ಅಲ್ಲಿಂದ ಉಗಿಯಂತ್ರದ ಪಂಪುಗಳಿಂದ ಮೇಲಕ್ಕೆ ತಳ್ಳಿದರು. ಆ ಪಂಪುಮನೆಯೇ ಊರಿನ ಹೃದಯ, ಕೊಳವೆಗಳೇ ಅಪಧಮನಿಗಳು! ಮುಂದೆ ಈ ನೀರನ್ನು ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್‌ನಲ್ಲಿ ಸೋಸಿ ಹಂಚುತ್ತಿದ್ದರು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಲ್ಲಿ ರೋಗ ಬೇಗ ಹರಡಿತು. ಬಳಿಕ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲ ರಸ್ತೆ, ಗಾಳಿ ಬೆಳಕುಗಳಿರುವ ಬಡಾವಣೆಗಳು ಬೆಳೆದವು.

ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸುವ ಕೆಲಸಕ್ಕೂ ಈ ದಿವಾನರೇ ಬೆಂಬಲವಾಗಿ ನಿಂತರು. ಆದರೆ ಅದರ ಫಲವನ್ನು ಅವರು ನೋಡಲಿಲ್ಲ. 1901ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬಂತು. ಬೆಂಗಳೂರಿನ ಶೇಷಾದ್ರಿಪುರ ಅವರ ಹೆಸರಿನದೇ. ಕಬ್ಬನ್ ಪಾರ್ಕಿನಲ್ಲಿ ಅವರ ಪ್ರತಿಮೆಯಿದೆ.

ಊರು ಬೆಳೆದಂತೆ ಹೆಸರಘಟ್ಟ ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು, 1974ರಲ್ಲಿ ಕಾವೇರಿ ನೀರು ಬಂತು. ಈಗ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತರುತ್ತಾರೆ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವ ವೃಷಭಾವತಿ ನದಿ ಊರಿನ ಒಂದು ಭಾಗದ ಕೊಳೆ ನೀರನ್ನು ಹೊತ್ತು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕಾವೇರಿಯನ್ನು, ಕಾವೇರಿ ಕಡಲನ್ನು ಸೇರುತ್ತದೆ. ಬಿಸಿಲಿಗೆ ಕಡಲ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಮತ್ತೆ ಸುರಿಯುತ್ತದೆ. ಇದೇ ಜಲಚಕ್ರ. ಇದನ್ನು ನಡೆಸುವವನು ಸೂರ್ಯ.

ದೇಹದಲ್ಲಿ ಶ್ವಾಸಕೋಶಗಳೂ ಮೂತ್ರಜನಕಾಂಗಗಳೂ ರಕ್ತವನ್ನು ಶುದ್ಧಮಾಡುತ್ತವೆ. ಊರಿನಲ್ಲಿ ಆ ಕೆಲಸ ಶುದ್ಧೀಕರಣ ಘಟಕಗಳದು. ಅಲ್ಲಿಗೆ ಸೇರದೆ ತಪ್ಪಿಹೋದ ಕೊಳೆ ನದಿಗೆ ಬೀಳುತ್ತದೆ. ವೃಷಭಾವತಿ ನೊರೆಯುಕ್ಕಿ, ನಾರುತ್ತ ಹರಿಯುವುದು ಅದರಿಂದಲೇ. ನೀರು ತರುವ ಕೆಲಸವನ್ನು ಹಿರಿಯರು ಮಾಡಿದರು. ಅದನ್ನು ಶುದ್ಧವಾಗಿ ಹಿಂದಿರುಗಿಸುವ ಕೆಲಸ ಇನ್ನೂ ಮುಗಿದಿಲ್ಲ.

ಮಾಡಿ ನೋಡಿ: ನಿಮ್ಮ ಶಾಲೆಗೆ ನೀರು ಎಲ್ಲಿಂದ ಬರುತ್ತದೆ? ಕೈ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಹಿರಿಯರನ್ನು ಕೇಳಿ ತಿಳಿದು, ಎರಡೂ ದಾರಿಗಳ ಚಿತ್ರ ಬರೆದು ತರಗತಿಯಲ್ಲಿ ತೂಗುಹಾಕಿ.