ಭಾಸ್ಕರಾಚಾರ್ಯರು ಮತ್ತು ದುಂಬಿಗಳ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳೂ ಬೀಜಗಣಿತಕ್ಕೆ ಅಂಜುತ್ತಾರೆ. ಭಿನ್ನರಾಶಿ, ವರ್ಗಮೂಲ ಎರಡೂ ಒಂದೇ ಲೆಕ್ಕದಲ್ಲಿ ಬಂದರಂತೂ ಪುಸ್ತಕ ಮುಚ್ಚಿಬಿಡುತ್ತಾರೆ. ಅಂಥ ಲೆಕ್ಕವನ್ನು ಎಂಟೂವರೆ ಶತಮಾನಗಳ ಹಿಂದೆಯೇ ಬಿಡಿಸಿಟ್ಟ ವಿದ್ವಾಂಸರು ಇದೇ ಜಿಲ್ಲೆಯವರೆಂಬ ಅಭಿಪ್ರಾಯವಿರುವುದನ್ನು ಅವರಿಗೆ ಯಾರಾದರೂ ಹೇಳಬೇಕು.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಅವರೇ ಬರೆದಿದ್ದಾರೆ. ಅದು ಬಿಜಾಪುರ, ಅಂದರೆ ಇಂದಿನ ವಿಜಯಪುರ ಎಂದು ಕೆಲವರು. ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯ ಊರೆಂದು ಇನ್ನು ಕೆಲವರು. ಅಲ್ಲಿನ ಪಾಟಣದಲ್ಲಿ ಅವರ ಮೊಮ್ಮಗ ಚಾಂಗದೇವ ಸ್ಥಾಪಿಸಿದ ಮಠದ 1207ರ ಶಾಸನ ಸಿಕ್ಕಿರುವುದರಿಂದ ಆ ವಾದವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಈ ಸೀಮೆ ವಿದ್ಯೆಗೆ ಬರಡಾಗಿರಲಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯ 945ರ ಶಾಸನ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದ ಶಾಲೆಯೊಂದನ್ನು ಹೇಳುತ್ತದೆ.

ತಂದೆ ಮಹೇಶ್ವರರೇ ಅವರ ಗುರು. 1150ರಲ್ಲಿ, 36ನೆಯ ವಯಸ್ಸಿನಲ್ಲಿ ಅವರು ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದರು. ಲೀಲಾವತಿ, ಬೀಜಗಣಿತ ಅದರ ಭಾಗಗಳು.

ಅವರ ದುಂಬಿಗಳ ಲೆಕ್ಕ ಹೀಗಿದೆ: ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿ ಹೂವಿಗೆ ಹಾರಿದವು. ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲೂ ಹೋದವು. ಉಳಿದದ್ದು ಒಂದು ಜೋಡಿ. ಹಿಂಡೆಷ್ಟು? ಭಾಸ್ಕರರು ಹಿಂಡನ್ನು 2ಯಾ² ಎಂದಿಟ್ಟುಕೊಂಡರು. ಜಾಣತನವೆಲ್ಲ ಇಲ್ಲಿಯೇ ಇದೆ. ಅದರ ಅರ್ಧ ಯಾ², ಮೂಲ ಯಾ, ವರ್ಗಮೂಲದ ತೊಡಕೇ ಉಳಿಯಲಿಲ್ಲ. ಈಗ ಯಾ + 16ಯಾ²/9 + 2 = 2ಯಾ². ಎಲ್ಲವನ್ನೂ 9ರಿಂದ ಗುಣಿಸಿದರೆ ಭಿನ್ನರಾಶಿಯೂ ಹೋಗಿ 2ಯಾ² = 9ಯಾ + 18 ಉಳಿಯುತ್ತದೆ. ಯಾ 6, ಹಿಂಡು 72. ತಾಳೆ ನೋಡಿ: 6, 64, 2. ಸಮೀಕರಣಕ್ಕೆ ಋಣ ಒಂದೂವರೆ ಎಂಬ ಇನ್ನೊಂದು ಉತ್ತರವೂ ಇದೆ. ಅದನ್ನು ಹಿಡಿದರೆ ಹಿಂಡಿನಲ್ಲಿ ನಾಲ್ಕೂವರೆ ದುಂಬಿಗಳಾಗುತ್ತವೆ!

ವರ್ಗಮೂಲಗಳನ್ನು ಕೂಡಿಸುವುದಕ್ಕೂ ಅವರು ನಿಯಮ ಕೊಟ್ಟರು. √2 ಮತ್ತು √8 ಕೂಡಿದರೆ √10 ಅಲ್ಲ, √18. ಎರಡರ ಗುಣಲಬ್ಧ 16 ಪೂರ್ಣ ವರ್ಗವಾದ್ದರಿಂದಲೇ ಅವು ಒಂದಾದವು. √2, √3 ಹಾಗಲ್ಲ, ಅವನ್ನು ಬೇರೆಬೇರೆಯಾಗಿಯೇ ಇಡಬೇಕು. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಅವರು ಎಚ್ಚರಿಸಿದ್ದಾರೆ.

ಅಕ್ಬರನ ಆಸ್ಥಾನಕವಿ ಫೈಝಿ 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ತಂದರು. ಷಾಜಹಾನನ ಕಾಲದಲ್ಲಿ, 1634-35ರಲ್ಲಿ, ಬೀಜಗಣಿತವನ್ನು ಅನುವಾದಿಸಿದವರು ಅತಾವುಲ್ಲಾ ರುಶ್ದಿ. ತಾಜ್‌ಮಹಲಿನ ಶಿಲ್ಪಿಯೆಂದು ಹೆಸರಾದ ಉಸ್ತಾದ್ ಅಹ್ಮದ್ ಲಾಹೋರಿಯವರ ಮಗ. 1813ರಲ್ಲಿ ಎಡ್ವರ್ಡ್ ಸ್ಟ್ರೇಚಿ ಈ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಆಧಾರವಾಗಿ ಇಟ್ಟುಕೊಂಡದ್ದು ಸಂಸ್ಕೃತ ಮೂಲವನ್ನಲ್ಲ, ರುಶ್ದಿಯವರ ಪಾರಸಿ ಅನುವಾದವನ್ನು.