ಜಾನ್ ಟೈಲರ್

ಜಾನ್ ಟೈಲರ್ (ಮಾರ್ಚ್ 29, 1790 – ಜನವರಿ 18, 1862) ಅಮೆರಿಕ ಸಂಯುಕ್ತ ಸಂಸ್ಥಾನದ 10ನೆಯ ಅಧ್ಯಕ್ಷರು. ಅಧಿಕಾರದಲ್ಲಿದ್ದ ಅಧ್ಯಕ್ಷರ ನಿಧನದಿಂದ ಆ ಪದವಿಗೇರಿದ ಮೊದಲ ಉಪಾಧ್ಯಕ್ಷರು ಇವರೇ. ವರ್ಜೀನಿಯದಲ್ಲಿ ಜನಿಸಿದ ಇವರು ವಕೀಲರಾಗಿ, ಮುಂದೆ ಆ ರಾಜ್ಯದ ಗವರ್ನರ್ ಹಾಗೂ ಸೆನೆಟ್ ಸದಸ್ಯರಾಗಿದ್ದರು.

1841ರ ಏಪ್ರಿಲ್ 4ರಂದು, ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಿಗೆ, ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ತೀರಿಕೊಂಡರು. ಆಗ ಉಪಾಧ್ಯಕ್ಷರಿಗೆ ದೊರೆಯುವುದು ಅಧ್ಯಕ್ಷ ಪದವಿಯೇ ಅಥವಾ ಅದರ ಕರ್ತವ್ಯಗಳು ಮಾತ್ರವೇ ಎಂಬುದು ಸಂವಿಧಾನದ ಎರಡನೆಯ ವಿಧಿಯಲ್ಲಿ ಸ್ಪಷ್ಟವಿರಲಿಲ್ಲ. ಏಪ್ರಿಲ್ 6ರಂದು ಪ್ರಮಾಣವಚನ ಸ್ವೀಕರಿಸಿದ ಟೈಲರ್, ಪೂರ್ಣ ಅಧ್ಯಕ್ಷರೆಂದೇ ನಡೆದುಕೊಂಡರು. ಹಂಗಾಮಿ ಅಧ್ಯಕ್ಷರೆಂಬ ವಿಳಾಸದಲ್ಲಿ ಬಂದ ಪತ್ರಗಳನ್ನು ತೆರೆಯದೆ ಹಿಂದಿರುಗಿಸಿದರು. ವಿರೋಧಿಗಳು ಆಕಸ್ಮಿಕ ಅಧ್ಯಕ್ಷರೆಂದು ಹಂಗಿಸಿದರೂ ಕಾಂಗ್ರೆಸ್ಸು ಅವರ ಪದವಿಯನ್ನು ಒಪ್ಪಿತು. ಈ ರೂಢಿ ಲಿಖಿತ ನಿಯಮವಾದದ್ದು 1967ರಲ್ಲಿ, 25ನೆಯ ತಿದ್ದುಪಡಿಯ ಮೂಲಕ.

ಪದವಿ ದಕ್ಕಿತಾದರೂ ಪಕ್ಷ ಕೈತಪ್ಪಿತು. ರಾಷ್ಟ್ರೀಯ ಬ್ಯಾಂಕ್ ಸ್ಥಾಪನೆಗಾಗಿ ವಿಗ್ ಪಕ್ಷ ತಂದ ಮಸೂದೆಗಳನ್ನು ಟೈಲರ್ ಎರಡು ಬಾರಿ ವೀಟೊ ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಡೇನಿಯಲ್ ವೆಬ್‌ಸ್ಟರ್ ಒಬ್ಬರನ್ನುಳಿದು ಸಂಪುಟದ ಎಲ್ಲರೂ ರಾಜೀನಾಮೆಯಿತ್ತರು. ಪಕ್ಷವು ಅವರನ್ನು ಹೊರಹಾಕಿತು. 1843ರಲ್ಲಿ ಅವರನ್ನು ದೋಷಾರೋಪಣೆಗೆ ಗುರಿಪಡಿಸುವ ಯತ್ನ ಪ್ರತಿನಿಧಿ ಸಭೆಯಲ್ಲಿ ವಿಫಲವಾಯಿತು. ಟೆಕ್ಸಾಸ್ ಸೇರ್ಪಡೆಯ ಒಪ್ಪಂದವನ್ನು 1844ರಲ್ಲಿ ಸೆನೆಟ್ ತಿರಸ್ಕರಿಸಿದಾಗ, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯದ ದಾರಿ ಹಿಡಿದು, 1845ರ ಮಾರ್ಚ್ 1ರಂದು ಅದಕ್ಕೆ ಸಹಿ ಹಾಕಿದರು. ಎರಡೇ ದಿನಗಳ ನಂತರ, ಸುಂಕದ ಕಾವಲು ಹಡಗುಗಳ ಮಸೂದೆಯ ಮೇಲಿನ ಅವರ ವೀಟೊವನ್ನು ಕಾಂಗ್ರೆಸ್ಸು ಮೂರನೆಯ ಎರಡು ಬಹುಮತದಿಂದ ತಳ್ಳಿಹಾಕಿತು. ಅಮೆರಿಕದ ಇತಿಹಾಸದಲ್ಲಿ ಅಧ್ಯಕ್ಷರ ವೀಟೊ ಹೀಗೆ ಬಿದ್ದುಹೋದದ್ದು ಅದೇ ಮೊದಲು.

ವಿಪರ್ಯಾಸವೆಂದರೆ, ಸಂವಿಧಾನದ ಅಕ್ಷರಕ್ಕಾಗಿ ಹಟ ಹಿಡಿದ ಇವರೇ 1861ರಲ್ಲಿ ಒಕ್ಕೂಟದಿಂದ ಸಿಡಿದ ದಕ್ಷಿಣದ ರಾಜ್ಯಗಳ ಪಕ್ಷ ವಹಿಸಿ, ಅವುಗಳ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅಲ್ಲಿ ಆಸನ ಸ್ವೀಕರಿಸುವ ಮುನ್ನವೇ ರಿಚ್ಮಂಡ್‌ನಲ್ಲಿ ನಿಧನರಾದರು.